ಗಾರೊ ಯಾನೆ ವಾದ್‌ಬೊಂಕರ್

ಮಗಳು ಆಶ್ಲಿ ಮೆಚ್ಚಿದ ಹುಡುಗನ ಹೆಸರು ಕೇಳಿದ ಸಂಜೆ ಕೊನ್ರಾಡ್ ಪಿಂಟೊಗೆ ಎಷ್ಟು ಖುಷಿಯಾಯಿತೆಂದರೆ, ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಅವಳ ಬೆನ್ನು ತಟ್ಟಿದ.

"ವಾದ್‌ಬೊಂಕರ್! ಅಯ್ಯೊ, ನಮ್ಮವನೇ ಅಲ್ಲವಾ ಹಾಗಾದ್ರೆ? ಈ ವಾದ್‌ಬೊನ್ ಅನ್ನುವ ಊರು ಎಲ್ಲಿ ಬರ್ತದೆ, ಕಾರವಾರದಿಂದ ಆಚೆಯಾ?"

ಆಶ್ಲಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಬೆನೆಡಿಕ್ಟಾ ಬಾಯಿಗೆ ಮೊಮ್ಮಗಳು ಎಲ್ಲವನ್ನೂ ಮೊದಲೇ ಹೇಳಿದ್ದಳು. ಅವರು ಕನ್ನಡಕ ಒರೆಸುವ ನೆವದಲ್ಲಿ ತಲೆ ತಗ್ಗಿಸಿ ನಗು ನುಂಗಿಕೊಂಡರು. ಊರಿನ ಹೆಸರಿಗೆ 'ಕರ್' ಸೇರಿದರೆ ಅದು ಕೊಂಕಣಿ ಮನೆತನ ಎಂಬುದು ಅಳಿಯ ಕೊನ್ರಾಡನಿಗೆ ಹುಟ್ಟಿನಿಂದ ಗೊತ್ತಿದ್ದ ಸಂಗತಿ. ಅದನ್ನು ಕಿತ್ತುಹಾಕುವ ಕೆಲಸ ತಮಗೆ ಬೇಡ, ಹುಡುಗನೇ ಬಂದು ಮಾಡಿಕೊಳ್ಳಲಿ ಎಂದು ಸುಮ್ಮನಿದ್ದರು.

ಮುಂದಿನ ಶುಕ್ರವಾರ, ಕುವೈತಿನ ರಜಾದಿನ, ಇಗರ್ಜಿಯ ಪೂಜೆ ಮುಗಿಸಿ ಹುಡುಗ ಹವಲ್ಲಿಯ ಅವರ ಫ್ಲ್ಯಾಟಿಗೆ ಬಂದ. ಚೌಕಟ್ಟಿಗೆ ತಾಗುವಷ್ಟು ಎತ್ತರ, ಕೆಂಪು ಗಡ್ಡ, ಕೈಯಲ್ಲಿ ಖರ್ಜೂರದ ಡಬ್ಬ. ಹೆಸರು ಮಾತ್ಯು. ಕೆನಡಾದ ಫ್ರೆಂಚ್ ಮಾತಾಡುವ ಜನ. ಹುಟ್ಟಿದ್ದು ಕ್ವಿಬೆಕ್‌ನ ಒಂದು ಹಳ್ಳಿಯಲ್ಲಿ. ಅಪ್ಪ ಎಣ್ಣೆಯ ಕೆಲಸ ಹುಡುಕಿಕೊಂಡು ಆಲ್ಬರ್ಟಾಕ್ಕೆ ಹೋದದ್ದರಿಂದ ಬೆಳೆದದ್ದೆಲ್ಲ ಅಲ್ಲಿ. ಈಗ ಶುಐಬಾದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಅವನೊಡನೆ ಮನೆಯವರ ಮಾತೆಲ್ಲ ಇಂಗ್ಲಿಷಿನಲ್ಲಿ.

"ಕಾರವಾರದಿಂದ ಸ್ವಲ್ಪ ಹೆಚ್ಚೇ ಆಚೆ," ಎಂದು ಆಶ್ಲಿಯ ಅಮ್ಮ ಡೆಲ್ಮಾ ಗಂಡನ ಕಿವಿಯಲ್ಲಿ ಹೇಳಿದಳು.

ಊಟಕ್ಕೆ ಖಾರದ ಕೋಳಿಸಾರಿನ ಕೋರಿರೊಟ್ಟಿ. ಹುಡುಗನ ಹಣೆಯಲ್ಲಿ ಬೆವರು ಸಾಲುಗಟ್ಟಿತು, ಆದರೂ ಎರಡನೇ ಸಲ ಹಾಕಿಸಿಕೊಂಡ. ಮಾತಿನ ನಡುವೆ ಒಮ್ಮೆ ಎದ್ದು, ಯಾರಿಗೂ ಏನೂ ಹೇಳದೆ, ಏಸಿಯ ರೆಕ್ಕೆಯನ್ನು ಮೇಲಕ್ಕೆ ತಿರುಗಿಸಿ ಬಂದು ಕೂತ. ತಣ್ಣನೆಯ ಗಾಳಿ ಅಷ್ಟು ಹೊತ್ತೂ ಬೆನೆಡಿಕ್ಟಾ ಬಾಯಿಯ ನೋವಿನ ಮಂಡಿಗೆ ಬಡಿಯುತ್ತಿತ್ತು. ಮನೆಯವರ್ಯಾರೂ ಗಮನಿಸಿರಲಿಲ್ಲ. ಅಜ್ಜಿಯ ಪಾಲಿಗೆ ಮದುವೆ ಅಲ್ಲಿಗೆ ನಿಶ್ಚಯವಾಯಿತು.

ಕೊನ್ರಾಡನೂ ಕೆಟ್ಟವನಲ್ಲ. ಒಂದು ವಾರ ಬೇಸರಪಟ್ಟ, ಆಮೇಲೆ ಹುಡುಗ ಕೆಥೊಲಿಕ್ ತಾನೆ ಎಂದು ಸಮಾಧಾನ ಮಾಡಿಕೊಂಡ. ಮದುವೆ ಊರಿನ ಇಗರ್ಜಿಯಲ್ಲೇ ಎಂದು ಮಾತಾಯಿತು. ರಜೆಯ ಮೇಲೆ ಮಂಗಳೂರಿಗೆ ಹೋಗಲಿದ್ದ ಕೊನ್ರಾಡ್ ಮದುವೆಯ ಕಾಗದಗಳನ್ನು ತಾನೇ ಒಯ್ದು ಪಾದ್ರಿಗಳ ಕೈಗೆ ಕೊಡುವುದು ಎಂದೂ ಆಯಿತು. ಹುಡುಗನ ಕಡೆಯಿಂದ ಬರಬೇಕಾದದ್ದು ಅವನ ಜ್ಞಾನಸ್ನಾನದ ಪ್ರಮಾಣಪತ್ರ ಒಂದೇ. ಅದು ಕೆನಡಾದಿಂದ ಕೊರಿಯರಿನಲ್ಲಿ ಬಂತು. ತೊಂದರೆ ಶುರುವಾದದ್ದು ಅದರಿಂದ.

"ಇದು ಯಾರ ಕಾಗದ ಮಾರಾಯ?" ಶುಕ್ರವಾರದ ಊಟದ ಮೇಜಿನ ಮೇಲೆ ಕೊನ್ರಾಡ್ ಅದನ್ನು ಅಡ್ಡ ಉದ್ದ ತಿರುಗಿಸಿದ. "ಜೋಸೆಫ್ ಅರ್ಮಾನ್ ಮಾತ್ಯು ಅಂತ ಉಂಟು. ಈ ಜೋಸೆಫ್ ಯಾರು?"

"ನಾನೇ," ಎಂದ ಮಾತ್ಯು. "ನನ್ನ ಅಣ್ಣನೂ ಜೋಸೆಫ್. ಅಪ್ಪನೂ ಜೋಸೆಫ್. ನಮ್ಮಲ್ಲಿ ಗಂಡುಮಗುವಿಗೆ ಮೊದಲು ಜೋಸೆಫ್, ಹೆಣ್ಣುಮಗುವಿಗೆ ಮೊದಲು ಮರಿ, ಅಂದರೆ ಮೇರಿ. ಆಮೇಲೆ ಗಾಡ್‌ಫಾದರನ ಹೆಸರು. ಕೊನೆಯಲ್ಲಿ ಬರುವುದು ಕರೆಯುವ ಹೆಸರು. ಯಾರೂ ಯಾರನ್ನೂ ಜೋಸೆಫ್ ಅಂತ ಕರೆಯುವುದಿಲ್ಲ."

"ಕರೆಯದ ಹೆಸರು ಇಡುದ್ಯಾಕೆ?"

"ಇಟ್ಟ ಹೆಸರು ಬಿಟ್ಟು ನಿನ್ನನ್ನು ನಿನ್ನ ಅಕ್ಕಂದಿರು ಬಾಬು ಅಂತ ಕರೆಯುದ್ಯಾಕೆ?" ಎಂದರು ಬೆನೆಡಿಕ್ಟಾ ಬಾಯಿ.

ಆಶ್ಲಿ ಕಿಸಕ್ಕೆಂದಳು. ಕೊನ್ರಾಡ್ ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದ. ಅಪ್ಪ ವಾದ್‌ಬೊಂಕರ್, ಅಮ್ಮ ಸಿಲ್ವಿ ಬೆರ್ಜರಾನ್. "ಇದು ತಾಯಿಯ ತವರಿನ ಹೆಸರಲ್ಲವಾ? ಈಗಿನದ್ದು?"

"ಈಗಲೂ ಅದೇ."

ಕೊನ್ರಾಡ್ ಕೆಮ್ಮಿದ. "ಅಂದ್ರೆ... ಅವರದ್ದು ಮದುವೆ...?"

ಆಗ ನೀರುದೋಸೆಯ ಪಾತ್ರೆ ಹಿಡಿದುಕೊಂಡು ಎದುರು ಫ್ಲ್ಯಾಟಿನ ಚಂಪಾ ಒಳಗೆ ಬಂದಳು. ಬಾಗಿಲಲ್ಲೇ ಅವಳಿಗೆ ಮಾತು ಕೇಳಿಸಿತ್ತು. "ನನ್ನ ಅಪ್ಪ ರೈ. ಗಂಡ ಶೆಟ್ಟಿ. ನಾನೂ ನನ್ನ ಮಕ್ಕಳೂ ನನ್ನ ಅಮ್ಮನ ಹಾಗೆ ಆಳ್ವ. ನಮ್ಮ ಬಂಟರಲ್ಲಿ ಹೆಸರು ಬರುದು ತಾಯಿಯಿಂದ. ಹಾಗಂತ ನಮ್ಮ ಮದುವೆ ಆಗ್ಲಿಲ್ಲವಾ ಕೊನ್ರಾಡಣ್ಣ? ನೀವೇ ಆಲ್ಬಂ ನೋಡಿದ್ದೀರಲ್ಲ!" ಪಾತ್ರೆ ಮೇಜಿನ ಮೇಲಿಟ್ಟಳು. "ಬಾಯಮ್ಮ, ಬಿಸಿ ಇರುವಾಗ ಎರಡು ತಿನ್ನಿ," ಎಂದು ಹೋಗಿಯೂ ಬಿಟ್ಟಳು.

ಎರಡು ಗಂಟು ಹೀಗೆ ನಗುತ್ತಲೇ ಬಿಚ್ಚಿದವು. ಮೂರನೆಯದರಲ್ಲಿ ಎಲ್ಲರೂ ಸಿಕ್ಕಿಬಿದ್ದರು.

"ಗಾಡ್‌ಫಾದರ್, ಅರ್ಮಾನ್ ಗಾರೊ," ಎಂದು ಕೊನ್ರಾಡ್ ಓದಿದ. "ಇವರು ಯಾರು?"

"ನನ್ನ ಅಜ್ಜ ಲಿಯೊನ್ ಅವರ ಅಣ್ಣ."

"ದಾಯಾದಿಯಾ?"

"ಅಲ್ಲ. ಒಡಹುಟ್ಟಿದವರು."

"ಅಣ್ಣ ಗಾರೊ, ತಮ್ಮ ವಾದ್‌ಬೊಂಕರ್?"

ಮಾತ್ಯುವಿನ ಮುಖ ಗಡ್ಡದಷ್ಟೇ ಕೆಂಪಾಯಿತು. "ಯಾಕೆಂದು ನನಗೆ ಗೊತ್ತಿಲ್ಲ. ಚಿಕ್ಕವನಿದ್ದಾಗ ಒಮ್ಮೆ ಅಜ್ಜನನ್ನು ಕೇಳಿದ್ದೆ. ಅವರು ಮಾತೇ ಆಡದೆ ಎದ್ದು ಅಂಗಳದ ಹಿಮ ಎತ್ತಿಹಾಕಲು ಹೋದರು. ಇನ್ನು ಕೇಳಬೇಡ ಎಂದು ಅಪ್ಪ ಹೇಳಿದರು."

ಎಲ್ಲರ ತಲೆಯಲ್ಲೂ ಬಂದದ್ದು ಒಂದೇ: ಒಬ್ಬ ತಾಯಿ, ಇಬ್ಬರು ತಂದೆ.

ಹುಡುಗ ಹೋದ ಮೇಲೆ ಕೊನ್ರಾಡ್ ಅತ್ತೆಯ ಎದುರು ಬಾಯಿಬಿಟ್ಟ. "ನೋಡಿ ಮಾಂಯ್, ಹುಡುಗ ಒಳ್ಳೆಯವನೇ. ಆದ್ರೆ ಮದುವೆಯ ಮುಂಚಿನ ದಿನ ರೋಸ್‌ಗೆ ಊರೆಲ್ಲ ಬರ್ತದೆ. ತೆಂಗಿನ ಹಾಲು ಹಚ್ಚಲಿಕ್ಕೆ ಬಂದ ಒಬ್ಬೊಬ್ಬರೂ ಕೇಳುದು ಒಂದೇ ಮಾತು, ಕೊಣಾಗೆಲೊ? ಯಾರ ಮನೆಯವ? ನಾನು ಎಂತ ಹೇಳುದು? ಯಾರ ಮನೆಯವ ಅಂತ ಅವನಿಗೇ ಗೊತ್ತಿಲ್ಲ ಅಂತಲಾ? ಬರುವ ಗುರುವಾರ ನಾನು ಹೊರಡುದ್ರೊಳಗೆ ಗೊತ್ತಾದ್ರೆ ಸರಿ. ಇಲ್ಲದಿದ್ರೆ ಆ ಮದುವೆ ಕಾಗದದ ಲಕೋಟೆ ನಾನು ಹಿಡ್ಕೊಂಡು ಹೋಗುದಿಲ್ಲ. ಖಲಾಸ್."

"ಬೇಡ ಡ್ಯಾಡಿ," ಎಂದಳು ಆಶ್ಲಿ. "ನೀವು ಮುಖ ಊದಿಸಿಕೊಂಡು ಹಿಂದಿನ ಬೆಂಚಿನಲ್ಲಿ ನಿಲ್ಲುವ ಮದುವೆ ನನಗೂ ಬೇಡ. ವೆಡ್ಡಿಂಗೇ ಬೇಡ."

ಕೊನ್ರಾಡ್ ದಿನವೂ ಮಾಡುವಂತೆ ಕಿತ್ತಳೆ ಸುಲಿದು, ಬಿಳಿಯ ನಾರನ್ನೆಲ್ಲ ತೆಗೆದು, ತೊಳೆಗಳನ್ನು ಅತ್ತೆಯ ತಟ್ಟೆಯಲ್ಲಿಟ್ಟ. ಬೆನೆಡಿಕ್ಟಾ ಬಾಯಿ ಅದನ್ನೂ ನೋಡಿದರು. ಇಷ್ಟು ಮಾಡುವ ಮನುಷ್ಯನಿಗೆ ಉತ್ತರ ಒಂದು ಸಿಕ್ಕಿದರೆ ಸಾಕು ಎಂದುಕೊಂಡರು.

ಬೆನೆಡಿಕ್ಟಾ ಬಾಯಿ ಕುವೈತಿನ ಭಾರತೀಯ ಶಾಲೆಯೊಂದರಲ್ಲಿ ಚರಿತ್ರೆ ಕಲಿಸಿದವರು. ನಿವೃತ್ತಿಯಾದ ಮೇಲೆ ಮಗಳ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಇಲ್ಲಿಯೇ ಉಳಿದಿದ್ದರು. ಎಷ್ಟೋ ವರ್ಷಗಳಿಂದ ಅವರ ಚರಿತ್ರೆಯೆಲ್ಲ ಟಿವಿಯಲ್ಲಿ ಬಂದದ್ದಷ್ಟೇ. ಶನಿವಾರ ಸಂಜೆ ಮಾತ್ಯು ಕಾರ್ಖಾನೆಯ ಬಸ್ಸಿಳಿದು, ಬೂಟನ್ನು ಹೊರಗೆ ಬಿಟ್ಟು, ಲ್ಯಾಪ್‌ಟಾಪ್ ಬಿಚ್ಚಿ ಅವರ ಮುಂದೆ ಇಟ್ಟಾಗ ಪರೀಕ್ಷೆಯ ಹಾಲಿಗೆ ಹೊರಟ ಹುಡುಗಿಯ ಹಾಗೆ ಅವರ ಎದೆ ಹೊಡೆದುಕೊಂಡಿತು.

"ಗ್ರ್ಯಾನಿ, ನಿಜ ಹೇಳಬೇಕೆಂದರೆ ನನಗೂ ಹೆದರಿಕೆ," ಎಂದ ಮಾತ್ಯು. "ಏನು ಸಿಗುತ್ತದೋ."

"ಸಿಗುವುದು ಸಿಗಲಿ. ಮೊದಲು ಕನ್ನಡಕ ಸಿಗಲಿ," ಎಂದು ಅವರು ತಲೆಯ ಮೇಲಿದ್ದ ಕನ್ನಡಕವನ್ನೇ ಹುಡುಕಿದರು.

ಆ ದೇಶದ ಹಳೆಯ ಇಗರ್ಜಿಗಳ ಪುಸ್ತಕಗಳನ್ನೆಲ್ಲ ಯಾರೋ ಪುಣ್ಯಾತ್ಮರು ಫೋಟೊ ತೆಗೆದು ಇಂಟರ್‌ನೆಟ್ಟಿಗೆ ಹಾಕಿದ್ದರು. ಪುಟದ ಮೇಲೆ ಪುಟ, ಇಂದು ಹುಟ್ಟಿದ ಮಗು, ನಾಳೆ ಮದುವೆ, ನಾಡಿದ್ದು ಮಣ್ಣು. ಫ್ರೆಂಚ್ ಓದುವವನು ಮಾತ್ಯು, ಅಕ್ಷರ ಬಿಡಿಸುವವರು ಬೆನೆಡಿಕ್ಟಾ ಬಾಯಿ. ತರಗತಿಗಟ್ಟಲೆ ಮಕ್ಕಳ ಕೈಬರಹ ಓದಿದ ಕಣ್ಣಿಗೆ ಪಾದ್ರಿಗಳ ಗೀಚು ಏನು ಮಹಾ!

"ಗಂಡಸರ ಹೆಸರನ್ನು ನಂಬುವ ಹಾಗಿಲ್ಲವಲ್ಲ. ಅಜ್ಜನ ತಾಯಿಯನ್ನು ಹುಡುಕು," ಎಂದರು ಅವರು.

"ಅಲ್ಫೊನ್ಸಿನ್ ಬೆಲ್ಮಾರ್. ಅವಳು ಸಿಗುತ್ತಾಳೆ. ನಮ್ಮ ಪುಸ್ತಕಗಳಲ್ಲಿ ಹೆಂಗಸರು ಹುಟ್ಟಿದ ಹೆಸರಿನಲ್ಲೇ ಸಾಯುತ್ತಾರೆ ಗ್ರ್ಯಾನಿ. ಎಷ್ಟು ಮಕ್ಕಳಾದರೂ ಅವಳು ಬೆಲ್ಮಾರಳೇ."

ಬೆನೆಡಿಕ್ಟಾ ಬಾಯಿಯ ಬೆರಳು ಮೇಜಿನ ಮೇಲೆ ಒಂದು ಕ್ಷಣ ನಿಂತಿತು. "ನಾನು ರೆಬೆಲ್ಲೊ ಆಗಿದ್ದೆ," ಎಂದರು. "ಮದುವೆಯ ಮರುದಿನದಿಂದ ಆ ಹೆಸರಿನಿಂದ ನನ್ನನ್ನು ಯಾರೂ ಕರೆಯಲಿಲ್ಲ."

"ಮದಾಮ್ ರೆಬೆಲ್ಲೊ," ಎಂದ ಮಾತ್ಯು ತಲೆ ಬಾಗಿಸಿ, "ಮುಂದಿನ ಪುಟ ತಿರುಗಿಸಲೆ?"

ಅಲ್ಫೊನ್ಸಿನ್ ಸಿಕ್ಕಿಯೇಬಿಟ್ಟಳು. ೧೯೨೪ರಲ್ಲಿ ಅರ್ಮಾನ್ ಹುಟ್ಟಿದ್ದ: ಟೆಲೆಸ್ಫೋರ್ ಗಾರೊ ಮತ್ತು ಅಲ್ಫೊನ್ಸಿನ್ ಬೆಲ್ಮಾರ್ ಇವರ ಮಗ. ೧೯೨೯ರಲ್ಲಿ ಲಿಯೊನ್: ಟೆಲೆಸ್ಫೋರ್ ವಾದ್‌ಬೊಂಕರ್ ಮತ್ತು ಅಲ್ಫೊನ್ಸಿನ್ ಬೆಲ್ಮಾರ್ ಇವರ ಮಗ.

"ಟೆಲೆಸ್ಫೋರ್! ಇಬ್ಬರಿಗೂ ತಂದೆ ಟೆಲೆಸ್ಫೋರ್!" ಆಶ್ಲಿ ಕುರ್ಚಿಯ ಹಿಂದೆ ಕುಣಿದಳು.

ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಕೊನ್ರಾಡ್ ಅದನ್ನು ತೆಗೆದ. "ಟೆಲೆಸ್ಫೋರ್ ಗಾರೊ ಒಬ್ಬ. ಟೆಲೆಸ್ಫೋರ್ ವಾದ್‌ಬೊಂಕರ್ ಇನ್ನೊಬ್ಬ. ನನ್ನ ಆಫೀಸಲ್ಲೇ ನಾಲ್ಕು ಜನ ಮೊಹಮ್ಮದ್ ಇದ್ದಾರೆ. ಎಲ್ಲ ಒಬ್ಬನೇ ಅಂತೀರಾ?"

"ನಿದ್ದೆ ಬಂತು ಅಂದವರು ಇಲ್ಲಿ ಎಂತ ಮಾಡ್ತೀರಿ?" ಎಂದು ಡೆಲ್ಮಾ ಅವನನ್ನು ಒಳಗೆ ಅಟ್ಟಿದಳು.

ಆದರೂ ಅವನ ಮಾತು ಸುಳ್ಳಲ್ಲ. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಬೆನೆಡಿಕ್ಟಾ ಬಾಯಿ ಬಹಳ ಹೊತ್ತು ನೋಡಿದರು. ಮೊದಲನೆಯದರ ಅಕ್ಷರ ದುಂಡಗೆ, ಸ್ವಲ್ಪ ನಡುಗಿದ ಕೈ. ಎರಡನೆಯದು ಚೂಪು, ಅವಸರದ್ದು. ನಡುವೆ ಪಾದ್ರಿ ಬದಲಾಗಿದ್ದರು. ಅದು ಮನಸ್ಸಿನಲ್ಲಿ ಕೂತಿತು, ಆದರೆ ಅದರಿಂದ ಏನಾಗಬೇಕೆಂದು ಹೊಳೆಯಲಿಲ್ಲ.

ಇನ್ನುಳಿದದ್ದು ಟೆಲೆಸ್ಫೋರನ ಮದುವೆ. ಗಾರೊ ಎಂದು ಹುಡುಕಿದರೆ ಇಲ್ಲ. ವಾದ್‌ಬೊಂಕರ್ ಎಂದರೂ ಇಲ್ಲ. ಭಾನುವಾರ ಸಿಗಲಿಲ್ಲ, ಸೋಮವಾರ ಸಿಗಲಿಲ್ಲ. ಮಂಗಳವಾರ ಆಶ್ಲಿ ಅಳುಮುಖ ಮಾಡಿಕೊಂಡು ಡ್ಯೂಟಿಗೆ ಹೋದಳು. ಕೊನ್ರಾಡ್ ಪೆಟ್ಟಿಗೆಗೆ ಬಟ್ಟೆ ತುಂಬಲು ಶುರುಮಾಡಿದ. ಲಕೋಟೆ ಮಾತ್ರ ಫ್ರಿಜ್ಜಿನ ಮೇಲೆ ಇಟ್ಟಲ್ಲೇ ಇತ್ತು.

ಬುಧವಾರ ಸಂಜೆ ಬೆನೆಡಿಕ್ಟಾ ಬಾಯಿ ಹೆಸರಿನಿಂದ ಹುಡುಕುವುದನ್ನೇ ಬಿಟ್ಟರು. "ಮಗ, ಅರ್ಮಾನ್ ಹುಟ್ಟುವ ಮುಂಚಿನ ಎರಡು ವರ್ಷದ ಮದುವೆಗಳನ್ನೆಲ್ಲ ಒಂದೊಂದಾಗಿ ತಿರುಗಿಸು. ನಾನು ಅಲ್ಫೊನ್ಸಿನಳನ್ನು ಮಾತ್ರ ನೋಡ್ತೇನೆ."

ಪುಟಗಳು ಸರಿದವು. ರೈತರು, ಕಮ್ಮಾರರು, ವಿಧವೆಯರು. ಹಿಮ ಬಿದ್ದು ಸಾಕ್ಷಿಗಳು ತಡವಾಗಿ ಬಂದ ಒಂದು ಮದುವೆಯ ಕಥೆ ಓದಿ ಇಬ್ಬರೂ ನಕ್ಕರು.

"ನಿಲ್ಲು! ಬೆಲ್ಮಾರ್! ಇಲ್ಲಿ, ನನ್ನ ಬೆರಳ ಹತ್ತಿರ!"

ಅಲ್ಫೊನ್ಸಿನಳೇ. ಅದೇ ದುಂಡಗಿನ, ನಡುಗುವ ಅಕ್ಷರ. ಮಾತ್ಯು ಮುಂದೆ ಬಾಗಿ ವರನ ಹೆಸರು ಓದಿದ. ಅವನ ಹುಬ್ಬು ಗಂಟಾಯಿತು. "ಟೆಲೆಸ್ಫೋರ್ ಗಾರೊ ದಿ ವಾದ್‌ಬೊಂಕರ್."

"ಎರಡೂ ಉಂಟಲ್ಲ! ನಡುವಿನ ಆ ಪುಟ್ಟ ಶಬ್ದ ಎಂತದ್ದು?"

"'ದಿ' ಅಂದರೆ 'ಹೇಳಿದ', 'ಹೇಳಿದ್ದು' ಅಂತ. ಅರ್ಥವೇ ಆಗುವುದಿಲ್ಲ ಗ್ರ್ಯಾನಿ. 'ಟೆಲೆಸ್ಫೋರ್ ಗಾರೊ ಹೇಳಿದ ವಾದ್‌ಬೊಂಕರ್.' ಪಾದ್ರಿಗಳು ಏನೋ ಬರೆಯಲು ಹೋಗಿ ಅರ್ಧಕ್ಕೆ ಬಿಟ್ಟಿರಬೇಕು."

ಹೇಳಿದ. ಹೇಳಿದ್ದು. ಬೆನೆಡಿಕ್ಟಾ ಬಾಯಿ ಆ ಶಬ್ದವನ್ನು ನಾಲಗೆಯ ಮೇಲೆ ಹೊರಳಿಸಿದರು. ಹೇಳಿಸಿಕೊಂಡ. ಜನ ಹೇಳುವ. ಅವರ ತಂದೆ ಮಂಗಳೂರಿನಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದರು. ಕೋರ್ಟಿನ ನೋಟೀಸುಗಳನ್ನು ಮನೆಯ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ ತಪ್ಪು ನೋಡುವುದು ಅವರ ರೂಢಿ. ಆ ಸ್ವರ ಕಿವಿಯಲ್ಲಿ ಎದ್ದು ನಿಂತಿತು: 'ಪ್ರತಿವಾದಿ ಗಾಣದ ಪೆದ್ರು ಯಾನೆ ಪೀಟರ್ ರೆಬೆಲ್ಲೊ...'

"ಯಾನೆ!" ಎಂದು ಕೂಗಿದರು. "ಯಾನೆ! ಯಾನೆ!"

ಡೆಲ್ಮಾ ಅಡುಗೆಮನೆಯಿಂದ ಸೌಟು ಸಮೇತ ಓಡಿಬಂದಳು. ಕೊನ್ರಾಡ್ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಬಂದ. "ಎಂತಾಯ್ತು? ಮಾಂಯ್ ಬಿದ್ರಾ?"

"ಯಾರೂ ಬಿದ್ದಿಲ್ಲ! ಯಾನೆ ಸಿಕ್ಕಿತು!" ಅವರ ಕೆನ್ನೆ ಕೆಂಪಾಗಿತ್ತು, ಮಂಡಿ ನೋವು ಮರೆತು ಎದ್ದೇ ನಿಂತಿದ್ದರು. "ಗಾರೊ ಯಾನೆ ವಾದ್‌ಬೊಂಕರ್! ಒಬ್ಬನೇ ಮನುಷ್ಯ, ಎರಡು ಹೆಸರು! ಗಾರೊ ಅನ್ನಿಸಿಕೊಂಡವನು, ವಾದ್‌ಬೊಂಕರ್ ಅಂತಲೂ ಹೇಳಿಸಿಕೊಂಡವನು! ಕೊನ್ರಾಡ್, ನಮ್ಮ ಕಡೆ ಕೋರ್ಟಿನ ಕಾಗದದಲ್ಲಿ ಯಾನೆ ಇಲ್ಲದ ಹೆಸರು ಉಂಟಾ ಹೇಳು!"

ಮಾತ್ಯುವಿಗೆ ಕನ್ನಡ ಬಾರದು. ಆಶ್ಲಿ ಒಂದೇ ಉಸಿರಿಗೆ ಅವನಿಗೆ ಅರ್ಥ ಹೇಳಿದಳು. ಅವನು ಕೀಲಿಮಣೆಯ ಮೇಲೆ ಮುಗಿಬಿದ್ದ. ಎರಡು ಹೆಸರನ್ನೂ ನಡುವೆ ಆ ಪುಟ್ಟ ಶಬ್ದವನ್ನೂ ಒಟ್ಟಿಗೆ ಕೊಟ್ಟದ್ದೇ ತಡ, ಬಾಗಿಲು ತೆರೆದ ಹಾಗೆ ಆಯಿತು. ಟೆಲೆಸ್ಫೋರನ ಅಪ್ಪ, ಅವನ ಅಪ್ಪ, ಅವನ ಅಪ್ಪ, ಎಲ್ಲರೂ ಗಾರೊ ಯಾನೆ ವಾದ್‌ಬೊಂಕರ್. ತುತ್ತತುದಿಯಲ್ಲಿ, ಮುನ್ನೂರೈವತ್ತು ವರ್ಷಗಳ ಹಿಂದೆ ಫ್ರಾನ್ಸಿನಿಂದ ಹಡಗು ಹತ್ತಿ ಬಂದ ಒಬ್ಬ ಸಿಪಾಯಿ, ಪಿಯೆರ್ ಗಾರೊ.

"ಆಗ ಸೈನ್ಯದಲ್ಲಿ ಪ್ರತಿ ಸಿಪಾಯಿಗೂ ಒಂದು ಅಡ್ಡಹೆಸರು ಇಡುತ್ತಿದ್ದರಂತೆ," ಮಾತ್ಯು ಪರದೆಯಿಂದ ಓದುತ್ತ ಹೋದ. "ಒಂದೇ ದಂಡಿನಲ್ಲಿ ಹತ್ತು ಜನ ಪಿಯೆರ್ ಇರುತ್ತಿದ್ದರಲ್ಲ. ಆ ಹೆಸರು ಮಕ್ಕಳಿಗೂ ಅಂಟಿಕೊಂಡಿತು. ಮುಂದೆ ಕೆಲವರು ಮೊದಲಿನದನ್ನು ಉಳಿಸಿಕೊಂಡರು, ಕೆಲವರು ಎರಡನೆಯದನ್ನು." ಅವನು ತಲೆಯೆತ್ತಿದ. "ಇಷ್ಟೇನಾ?"

"ಅದು ಸರಿ," ಎಂದ ಕೊನ್ರಾಡ್, ಇನ್ನೂ ಬಿಡದೆ. "ಆದ್ರೆ ತಂದೆ ಒಬ್ಬನೇ ಆದ್ರೆ ಒಬ್ಬ ಮಗನಿಗೆ ಅದು, ಇನ್ನೊಬ್ಬನಿಗೆ ಇದು ಯಾಕೆ?"

"ಹಳೇ ಪಾದ್ರಿಗೆ ಮೊದಲ ಹೆಸರು ಅಭ್ಯಾಸ. ಹೊಸ ಪಾದ್ರಿಯ ಕಿವಿಗೆ ಬಿದ್ದದ್ದು ಎರಡನೇದು. ಬರೆಯುವವರ ಕೈಯಲ್ಲಿ ಹೆಸರು ಎಂತ ಆಗ್ತದೆ ಅಂತ ನಿನಗೆ ಗೊತ್ತಿಲ್ಲವಾ, ಮಿಸ್ಟರ್ ಬಿಂಟೊ?"

ಡೆಲ್ಮಾ ಸೌಟು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅರಬ್ಬಿಯಲ್ಲಿ 'ಪ' ಇಲ್ಲ. ಕೊನ್ರಾಡನ ಪಿಂಟೊ ಅರಬ್ಬಿಗೆ ಹೋಗಿ ಇಂಗ್ಲಿಷಿಗೆ ಮರಳುವಷ್ಟರಲ್ಲಿ ಬಿಂಟೊ ಆಗಿ ಬಹಳ ಕಾಲವಾಗಿತ್ತು. ಕ್ಲಿನಿಕ್ಕಿನಲ್ಲಿ ಬಿಂಟೊ, ಕಾರಿನ ಕಾಗದದಲ್ಲಿ ಬಿಂಟೊ. ಆಫೀಸಿನ ಹುಡುಗರಿಗೂ ಬಿಂಟೊ ಸಾರ್.

"ಮತ್ತೆ ಊರಿನಲ್ಲಿ?" ಬೆನೆಡಿಕ್ಟಾ ಬಾಯಿ ಬಿಡಲಿಲ್ಲ. "ಅಲ್ಲಿ ನಿನ್ನನ್ನು ಪಿಂಟೊ ಅನ್ನುವವರು ಯಾರು? ನಿನ್ನ ಅಜ್ಜ ಸುಣ್ಣ ಸುಡ್ತಿದ್ರು ಅಂತ ಇವತ್ತಿಗೂ ಸುಣ್ಣದ ಕೊನ್ರಾಡ್. ಪಿಂಟೊ ಯಾನೆ ಸುಣ್ಣ ಯಾನೆ ಬಿಂಟೊ!"

"ಮೂರು ಹೆಸರಾಯ್ತಲ್ಲ ನನಗೆ," ಎಂದ ಕೊನ್ರಾಡ್ ಬೆರಗಾಗಿ. "ಹಾಗಾದ್ರೆ ನನಗೂ ಅಪ್ಪಂದಿರು..." ಎಂದು ತಟಕ್ಕನೆ ನಿಲ್ಲಿಸಿದ.

"ಹೇಳಿ, ಹೇಳಿ," ಎಂದಳು ಡೆಲ್ಮಾ. "ನನ್ನ ಅತ್ತೆಗೆ ಫೋನ್ ಮಾಡಿ ಕೇಳುವಾ?"

ಕೊನ್ರಾಡ್ ಕುರ್ಚಿಯ ಮೇಲೆ ಕುಸಿದು, ಬರಿಗಾಲನ್ನೂ ಚೀಲದ ಕಾಲನ್ನೂ ನೋಡಿಕೊಳ್ಳುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಶ್ಲಿ ಹಿಂದಿನಿಂದ ಅವನ ಕತ್ತನ್ನು ಅಪ್ಪಿಕೊಂಡಳು.

ಈ ಗಲಾಟೆಯಲ್ಲಿ ಮಾತ್ಯು ಮಾತ್ರ ಪರದೆಯ ಆ ಸಾಲನ್ನೇ ನೋಡುತ್ತ ಕೂತಿದ್ದ. ಅದನ್ನು ಗಮನಿಸಿದವರು ಬೆನೆಡಿಕ್ಟಾ ಬಾಯಿ. ಪಕ್ಕದಲ್ಲಿ ಕೂತು ಅವನ ಮೊಣಕೈ ಮುಟ್ಟಿದರು.

"ತಂದೆ ಒಬ್ಬನೇ ಅಂತ ಅಜ್ಜನಿಗೆ ಗೊತ್ತೇ ಇರಲಿಲ್ಲ ಗ್ರ್ಯಾನಿ," ಎಂದ ಅವನು. "ಶಾಲೆಯಲ್ಲಿ ಹುಡುಗರು ಏನೋ ಅಂದಿರಬೇಕು. ಅದನ್ನು ನಂಬಿಕೊಂಡು ಜೀವಮಾನವಿಡೀ ಹಿಮ ಎತ್ತಿಹಾಕಿದರು. ತಾಯಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು."

"ಆ ಮಾತನ್ನು ತಾಯಿಯ ಹತ್ತಿರ ಕೇಳುವುದು ಹೇಗೆ ಮಗ?" ಎಂದರು ಅವರು. "ನಿನ್ನ ಅಪ್ಪ ಇದ್ದಾರಲ್ಲ. ಈಗ ಅಲ್ಲಿ ಬೆಳಗು. ಫೋನ್ ಮಾಡು."

ಅವನು ಮಾಡಿದ. ಮದುವೆಯ ಪುಟದ ಆ ಒಂದೇ ಸಾಲನ್ನು ಫ್ರೆಂಚಿನಲ್ಲಿ ಓದಿದ. ಆ ಕಡೆಯಿಂದ ಒಂದು ಗಂಡು ಸ್ವರ ಮೆಲ್ಲಗೆ ಏನೋ ಹೇಳಿತು. ಮಾತ್ಯು ಫೋನಿಗೆ ಕೈ ಅಡ್ಡ ಹಿಡಿದು, "ಇನ್ನೊಮ್ಮೆ ಓದು ಅನ್ನುತ್ತಿದ್ದಾರೆ," ಎಂದ. ಓದಿದ. ಮತ್ತೊಮ್ಮೆ ಓದಿದ. ಕೊನ್ರಾಡ್ ಎದ್ದು ಹೋಗಿ ಒಂದು ಲೋಟ ನೀರು ತಂದು ಅವನ ಮುಂದೆ ಇಟ್ಟ. ಬರುವಾಗ ಫ್ರಿಜ್ಜಿನ ಮೇಲಿದ್ದ ಲಕೋಟೆಯನ್ನು ತೆಗೆದು, ಧೂಳು ಒರೆಸಿ, ಪಾಸ್‌ಪೋರ್ಟಿನ ಜೊತೆ ಅಂಗಿಯ ಜೇಬಿಗೆ ಸೇರಿಸಿದ.

"ಇನ್ನೊಂದು ಕೇಳುದುಂಟು," ಎಂದ, ಫೋನ್ ಇಟ್ಟ ಮೇಲೆ. "ವಾದ್‌ಬೊಂಕರ್ ಅಂದ್ರೆ ಅರ್ಥ ಎಂತ? ಊರಿನ ಹೆಸರಂತೂ ಅಲ್ಲ ಅಂತ ಈಗ ಗೊತ್ತಾಯ್ತು."

ಮಾತ್ಯು ಕಣ್ಣೊರೆಸಿಕೊಂಡು ನಕ್ಕ. "ಒಳ್ಳೆಯ ಮನಸ್ಸಿನಿಂದ ಹೋಗು, ಅಂತ."

ಗುರುವಾರ ಕೊನ್ರಾಡನನ್ನು ಕಳಿಸಲು ಎಲ್ಲರೂ ಲಿಫ್ಟಿನ ಬಾಗಿಲವರೆಗೆ ಬಂದರು. ಸಾಮಾನು ಇಳಿಸಲು ಮೇಲೆ ಬಂದಿದ್ದ ಕಟ್ಟಡದ ಕಾವಲುಗಾರ ಮೊಯ್ದಿನಬ್ಬ ಉಳ್ಳಾಲದ ಕಡೆಯವನು. ಕೆಳಗೆ ಮೆಟ್ಟಿಲ ಹತ್ತಿರ ಬೆನೆಡಿಕ್ಟಾ ಬಾಯಿಗೆಂದೇ ಒಂದು ಕುರ್ಚಿ ಇಟ್ಟಿರುವವನು. ಪೆಟ್ಟಿಗೆ ಹೊತ್ತು ನಿಂತ ಕೆಂಪು ಗಡ್ಡದವನನ್ನು ಅವನು ಕೆಳಗಿನಿಂದ ಮೇಲಿನವರೆಗೆ ನೋಡಿದ.

"ಆಶ್ಲಿ ಬೇಬಿಯ ಹುಡುಗನಾ ಸಾರ್? ಒಳ್ಳೇದಾಯ್ತು. ಯಾರ ಮನೆಯವ?"

ಬೆನೆಡಿಕ್ಟಾ ಬಾಯಿ ಅಳಿಯನ ಮುಖ ನೋಡಿದರು. ಕೊನ್ರಾಡ್ ಕೈಚೀಲವನ್ನು ನೆಲದ ಮೇಲಿಟ್ಟ. ಗಂಟಲು ಸರಿಮಾಡಿಕೊಂಡ.

"ಗಾರೊ ಯಾನೆ ವಾದ್‌ಬೊಂಕರ್ ಮನೆಯವ, ಮೊಯ್ದಿನಬ್ಬ. ಇವನ ಹಿರಿಯರು ಸಿಪಾಯಿ. ಅವರಿಗೆ ಆ ಹೆಸರು ಹೇಗೆ ಬಂತು ಗೊತ್ತುಂಟಾ?"

"ವಿಮಾನ ಹೋಗ್ತದೆ! ಯಲ್ಲಾ, ಹೊರಡಿ!" ಎಂದಳು ಡೆಲ್ಮಾ.

ಆದರೆ ಕೊನ್ರಾಡ್ ಹಡಗಿನಿಂದ ಶುರುಮಾಡಿಯಾಗಿತ್ತು. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳಲು ಹೊರಟಿತು. ಮಾತ್ಯು ಪೆಟ್ಟಿಗೆಯನ್ನು ಇಳಿಸದೆ, ಸದ್ದು ಮಾಡದೆ, ಒಂದು ಕಾಲನ್ನು ಚಾಚಿ ಬಾಗಿಲಿಗೆ ಅಡ್ಡ ಇಟ್ಟು, ಮಾವ ಮುಗಿಸಲಿ ಎಂದು ಕಾದು ನಿಂತ.